ಎಂಬತ್ತು ಸಿನಿಮಾಗಳ ತಾಯಿ

ಬಖ್ತಮೀನಾಗೆ ತನ್ನ ದನಿಯ ಮೇಲೆಯೇ ಹೇಸಿಗೆ ಹುಟ್ಟಿದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಅವಳ ಹೇಸಿಗೆಯೆಲ್ಲ ಬೇರೆಯವರ ಪಾಲಿಗೆ ಮೀಸಲಾಗಿತ್ತು, ಅದೂ ಧಾರಾಳವಾಗಿ. ಪಶ್ತೊ ಸಿನಿಮಾ ಮಾಡುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ನೋಡುವವರನ್ನು ಕಂಡರೂ ಆಗುತ್ತಿರಲಿಲ್ಲ. ಪೇಶಾವರದ ಗೋಡೆಗಳ ಮೇಲೆ ನಾಯಕಿಯ ತೊಡೆಯನ್ನು ಮರದ ಬೊಡ್ಡೆಯಷ್ಟು ದಪ್ಪಗೆ ಬರೆಯುತ್ತಿದ್ದ ಪೇಂಟರನ್ನು ಬೈಯುತ್ತಿದ್ದಳು. ಹಗಲು ಆ ತೊಡೆಗೆ ಮಸಿ ಬಳಿದು ಸಂಜೆ ಮುಖ ಮುಚ್ಚಿಕೊಂಡು ಅದೇ ಸಿನಿಮಾಕ್ಕೆ ಹೋಗುತ್ತಿದ್ದವರನ್ನು ಅದಕ್ಕಿಂತ ಹೆಚ್ಚು ಬೈಯುತ್ತಿದ್ದಳು. ಏನು ಮಾಡುವುದು, ಅವಳ ರೊಟ್ಟಿ ಬೇಯುತ್ತಿದ್ದದ್ದೂ ಅದೇ ಒಲೆಯ ಮೇಲೆ.

ಅವಳನ್ನು ತೆರೆಯ ಮೇಲೆ ಕಂಡವರಿಲ್ಲ. ಕೇಳದವರೂ ಇಲ್ಲ. ಪಶ್ತೊ ಸಿನಿಮಾದಲ್ಲಿ ನಾಯಕನ ತಾಯಿ ಬಾಯಿ ಬಿಟ್ಟಳೆಂದರೆ ಹೊರಡುತ್ತಿದ್ದದ್ದು ಬಖ್ತಮೀನಾಳ ದನಿ. ತೆರೆಯ ಮೇಲಿನ ತಾಯಂದಿರು ಹೆಚ್ಚಾಗಿ ಲಾಹೋರಿನ ಕಡೆಯವರು, ಅವರಿಗೆ ಪಶ್ತೊ ಬಾರದು. ಕ್ಯಾಮೆರಾದ ಮುಂದೆ ಒಂದು ಎರಡು ಮೂರು ಎಂದು ಎಣಿಸಿಕೊಂಡು ತುಟಿ ಆಡಿಸಿ ಹೋಗುತ್ತಿದ್ದರು. ಆ ತುಟಿಗಳ ಒಳಗೆ ಬಖ್ತಮೀನಾ ಸೇರಿಕೊಂಡು ಅಳುತ್ತಿದ್ದಳು, ಶಪಿಸುತ್ತಿದ್ದಳು, ಮಗನ ಕೈಗೆ ಬಂದೂಕು ಕೊಡುತ್ತಿದ್ದಳು. ಹಾಗೆ ಎಂಬತ್ತು ಸಿನಿಮಾ.

ಅವಳು ಹುಟ್ಟಿದ್ದು ದಬಗರಿಯಲ್ಲಿ, ವಾದ್ಯಗಾರರ ಬೀದಿಯಲ್ಲಿ. ಅಪ್ಪ ರಬಾಬ್ ನುಡಿಸುತ್ತಿದ್ದ. ಖಾನರ ಮನೆಯ ಮದುವೆಗಳಿಗೆ ಅವನಿಲ್ಲದೆ ಕಳೆ ಇರಲಿಲ್ಲ. ಊಟಕ್ಕೆ ಮಾತ್ರ ಅವನನ್ನು ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕೂರಿಸುತ್ತಿದ್ದರು. ಹದಿನೇಳಕ್ಕೆ ಬಖ್ತಮೀನಾ ರೇಡಿಯೊ ನಾಟಕಕ್ಕೆ ಸೇರಿದಳು. ಹುಟ್ಟಾ ಮುದುಕಿಯ ಗಂಟಲು ಅವಳದು. ಒಳಗೆಲ್ಲೋ ಬಿರುಕು ಬಿಟ್ಟಂತಿದ್ದ, ಕೇಳಿದವರ ಬೆನ್ನ ಮೇಲೆ ಬೆರಳಾಡಿಸಿದಂಥ ದನಿ. ಇಪ್ಪತ್ತೈದಾಗುವ ಹೊತ್ತಿಗೆ ಅರವತ್ತರ ತಾಯಿಯಾಗಿ ಸಿನಿಮಾಕ್ಕೆ ಹೋದಳು. ಆಗಿನ ಸಿನಿಮಾಕ್ಕೆ ಗುರುವಾರ ಗುರುವಾರ ಹೆಂಗಸರೂ ಬರುತ್ತಿದ್ದರು. ಬುರ್ಖಾದ ಒಳಗೆ ಬಾದಾಮಿ ಕಟ್ಟಿಕೊಂಡು ಬಂದು, ಅತ್ತು, ಮೂಗು ಒರೆಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಆಮೇಲೆ ಗಡಿಯಾಚೆ ಯುದ್ಧ ಬಂತು, ಬಂದೂಕು ಬಂತು, ಬಂದೂಕಿನವರ ದುಡ್ಡು ಬಂತು. ಹೆಂಗಸರು ಬರುವುದು ನಿಂತಿತು. ಗಂಡಸರಿಗೆ ಬೇಕಾದದ್ದು ಎರಡೇ: ಮಳೆಯಲ್ಲಿ ನೆನೆಯುವ ದಪ್ಪ ನಾಯಕಿ, ಮತ್ತು ರಕ್ತ.

ಮದುವೆಯಾಗಿದ್ದಳು, ತಬಲಾದ ಫಕೀರ್‌ಗುಲ್‌ನನ್ನು. ಒಂದೇ ಬಸಿರು, ಎಂಟನೇ ತಿಂಗಳಿಗೆ ಮಗು ಉಸಿರಿಲ್ಲದೆ ಬಂತು. ಹಾಲಿಗೆ ಅದು ಗೊತ್ತಾಗಲಿಲ್ಲ, ನಾಲ್ಕು ದಿನ ಸುರಿಯಿತು. ಅತ್ತೆ ದುಪಟ್ಟಾದಿಂದ ಎದೆ ಬಿಗಿದು ಕಟ್ಟಿ ಒಣಗಿಸಿದಳು. ಆಮೇಲೆ ಫಕೀರ್‌ಗುಲ್ ಎದೆನೋವಿನಿಂದ ಹೋದ. ಹಾಡು ಕುಣಿತ ಪಾಪವೆನ್ನುವ ಸರ್ಕಾರ ಬಂದು ದಬಗರಿಯ ವಾದ್ಯಗಾರರನ್ನು ಒಕ್ಕಲೆಬ್ಬಿಸಿದಾಗ ಬಖ್ತಮೀನಾ ಒಂದು ಕಬ್ಬಿಣದ ಪೆಟ್ಟಿಗೆ ಹಿಡಿದು ಗಂಜ್ ಬಾಗಿಲಿನ ಹತ್ತಿರ ಒಂಟಿ ಕೋಣೆಗೆ ಬಂದಳು.

ಆ ಹೊತ್ತಿಗೆ ಸಿನಿಮಾ ಎನ್ನುವುದು ಥಿಯೇಟರಿನಿಂದ ಸಿಡಿಗೆ ಇಳಿದಿತ್ತು. ನಿಶ್ತರಾಬಾದಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ, ಗೋಡೆಗೆ ಹಳೇ ರಜಾಯಿಗಳನ್ನು ಮೊಳೆ ಹೊಡೆದ ಒಂದು ಕೋಣೆ, ಅದೇ ಸ್ಟುಡಿಯೊ. ರಜಾಯಿಗಳಿಂದ ಬೆವರಿನ, ತುಟಿಯಡಿ ಇಟ್ಟು ಉಗುಳುವ ನಸ್ವಾರಿನ ಹೊಗೆಸೊಪ್ಪಿನ ವಾಸನೆ. ಯಜಮಾನ ಸನೋಬರ್ ಹಾಜಿ, ಮರದ ವ್ಯಾಪಾರ ಬಿಟ್ಟು ಸಿನಿಮಾಕ್ಕೆ ಬಂದವನು. ಕೈಯಲ್ಲಿ ಜಪಮಾಲೆ ಸದಾ ತಿರುಗುತ್ತಿರುತ್ತಿತ್ತು. ಗಾಜಿನ ಹಿಂದೆ ಯಂತ್ರಗಳ ಮುಂದೆ ಕೂರುತ್ತಿದ್ದವನು ಮಲಂಗ್, ನಲವತ್ತು ದಾಟಿದ ಬೊಕ್ಕತಲೆಯವನು.

ಒಂದು ದಿನ ಹಾಜಿ ಗಂಟಲು ಸರಿಮಾಡಿಕೊಂಡ. "ಬೀಬಿ, ಮಳೆ ಹಾಡಿನ ನಡುವೆ ಆ ಹುಡುಗಿ ಉಸಿರು ಬಿಡ್ತಾಳಲ್ಲ, ಅದೊಂಚೂರು ನಿನ್ನ ಗಂಟಲಿಂದ ತುಂಬ್ಸಿಕೊಡು. ಬರಬೇಕಾದವಳು ಬಂದಿಲ್ಲ."

"ಎಂಥ ಉಸಿರು ಹಾಜಿ?"

"ಅದೇ... ಗೊತ್ತಲ್ಲ." ಜಪಮಾಲೆಯ ಮಣಿಗಳು ಬೇಗ ಬೇಗ ಸರಿದವು.

"ಅಲ್ಲಾನಾಣೆ ಗೊತ್ತಿಲ್ಲ. ನೀವೇ ಒಂದ್ಸಲ ಬಿಟ್ಟು ತೋರ್ಸಿ, ನೋಡ್ಕೊಂಡು ಕಲೀತೀನಿ."

ಗಾಜಿನ ಹಿಂದೆ ಮಲಂಗ್ ಮೇಜಿನ ಕೆಳಗೆ ಏನೋ ಬಿದ್ದವನಂತೆ ಬಗ್ಗಿದ. ಹಾಜಿಯ ಕಿವಿ ಕೆಂಪಾಯಿತು. "ನಾಲಿಗೆ ನೋಡು ಈ ಮುದುಕೀದು! ಬಿಡು, ಅದಕ್ಕೆ ಬೇರೆ ಯಾವಳಾದ್ರೂ ಸಿಕ್ತಾಳೆ. ತಾಯಿ ಮಾತು ಹೇಳಿ ಹೋಗು."

ತಾಯಿಯ ಮಾತು ಎಂದರೆ ಪ್ರತಿ ಸಿನಿಮಾದಲ್ಲೂ ಇರುವ ಆ ಮಾತು. ಗಂಡನ ರಕ್ತದಂಗಿಯನ್ನು ಮಗನ ಮುಂದೆ ಎಸೆದು ತಾಯಿ ಹೇಳುತ್ತಾಳೆ: "ನಿನ್ನಪ್ಪನ ರಕ್ತಕ್ಕೆ ರಕ್ತ ತರದೆ ಈ ಹೊಸ್ತಿಲು ತುಳಿದ್ಯೋ, ನಾನು ಕುಡಿಸಿದ ಹಾಲನ್ನ ನಿನಗೆ ಮಾಫಿ ಮಾಡೋದಿಲ್ಲ!" ತಾಯಿ ಹಾಲು ಮಾಫಿ ಮಾಡದೆ ಸತ್ತರೆ ಮಗನಿಗೆ ಇಹವೂ ಇಲ್ಲ, ಪರವೂ ಇಲ್ಲ. ತೆರೆಯ ಮೇಲೆ ಐವತ್ತೈದರ ನಾಯಕ, ತಾಯಿಯ ವೇಷದ ನಟಿಗಿಂತ ಹದಿನೈದು ವರ್ಷ ದೊಡ್ಡವನು, ಕಟ್ಟುಗೂದಲಿನ ಟೋಪನ್ನು ಅದುಮಿಕೊಂಡು ಮೊಣಕಾಲೂರುತ್ತಿದ್ದ. ಬಖ್ತಮೀನಾ ಒಂದೇ ಸಲಕ್ಕೆ ಮಾತು ಮುಗಿಸಿ, ತಣ್ಣಗಾದ ಹಸಿರು ಚಹಾ ಕುಡಿದು ಮೆಟ್ಟಿಲಿಳಿದಳು. ಕೊಚ್ಚೆಯಲ್ಲಿ ನಿಂತಿದ್ದರೂ ತನ್ನ ಕಾಲು ಒಣಗಿದೆ ಎಂದೇ ಅವತ್ತೂ ಅಂದುಕೊಂಡಳು. ಮಳೆ, ತೊಡೆ, ಮುಲುಕು ಅವರ ಹೊಲಸು. ತಾಯಿ ಮಾತ್ರ ತನ್ನವಳು.

ಅದಾಗಿ ಮೂರನೇ ಬೆಳಿಗ್ಗೆ ಖಾಪೇರೈ ಬಂದಳು. ಎರಡು ಓಣಿ ಆಚೆಯ ವಿಧವೆ. ರೊಟ್ಟಿಯಂಗಡಿಯ ತಂದೂರಿನ ಮುಂದೆ ನೋಡಿ ಗೊತ್ತಿತ್ತು, ಅಷ್ಟೇ. ಬುರ್ಖಾ ಎತ್ತಿ ಬಾಗಿಲಲ್ಲೇ ಕುಕ್ಕರಿಸಿದಳು.

"ಅಕ್ಕಾ, ಸಿನಿಮಾದ ಅಮ್ಮ ನೀನೇ ಅಂತಲ್ಲಾ?"

"ಯಾರು ಹೇಳಿದ್ರು?"

"ಯಾಕೆ ಹೇಳಬೇಕು? ಮೊನ್ನೆ ತಂದೂರಿನ ಹತ್ರ 'ಎರಡು ರೊಟ್ಟಿ ಕೊಡು' ಅಂದ್ಯಲ್ಲ, ನನ್ನ ಮೈ ಜುಂ ಅಂತು."

ಬಖ್ತಮೀನಾಗೆ ಹಿಗ್ಗಾಯಿತು. ಹಿಗ್ಗಾದದ್ದನ್ನು ಅವಳು ಆಮೇಲೆ ಎಷ್ಟೋ ದಿನ ಕ್ಷಮಿಸಿಕೊಳ್ಳಲಿಲ್ಲ. ಚಹಾ ಮಾಡಿಟ್ಟಳು. ಖಾಪೇರೈ ಲೋಟ ಮುಟ್ಟದೆ ತನ್ನ ಕಥೆ ಹೇಳಿದಳು. ಚಾರ್ಸದ್ದೆಯ ಹತ್ತಿರದ ಹಳ್ಳಿ. ಹೊಲದ ನೀರಿನ ಸರದಿಗೆ ಜಗಳ. ಗಂಡನ ಚಿಕ್ಕಪ್ಪನ ಮಗನೇ ಗಂಡನನ್ನು ಕಾಲುವೆಯ ಏರಿಯ ಮೇಲೆ ಗುಂಡಿಟ್ಟು ಕೊಂದ. ಆಗ ಮಗ ತೂರ್ಯಾಲೈಗೆ ಐದು ವರ್ಷ. ಅವನನ್ನು ಎತ್ತಿಕೊಂಡು ಪೇಶಾವರಕ್ಕೆ ಬಂದು, ರಜಾಯಿ ಹೊಲಿದು ಸಾಕಿದಳು. ಈಗ ಅವನಿಗೆ ಇಪ್ಪತ್ಮೂರು, ದರ್ಜಿ. ಕೊಂದವನು ಜೈಲು ಮುಗಿಸಿ ಬಂದಿದ್ದಾನೆ, ಮುದುಕನಾಗಿದ್ದಾನೆ, ಒಂದು ಕಾಲು ಸತ್ತಿದೆ. ಬರುವ ಶುಕ್ರವಾರ ಜಿರ್ಗಾ ಪಂಚಾಯಿತಿಯ ಹಿರಿಯರನ್ನು ಕರೆದುಕೊಂಡು, ಕುರಿ ಹಿಡಿದು, ಮಾಫಿ ಕೇಳಲು ಮನೆಬಾಗಿಲಿಗೆ ಬರುತ್ತಾನಂತೆ.

"ನನ್ನ ಮಗ ಹೂಂ ಅಂತಾನೆ ಅಕ್ಕಾ. ತೂರ್ಯಾಲೈ ಅಂತ ಹೆಸರಿಟ್ಟೆ, ಕತ್ತಿ ಹಿಡಿಯೋನು ಅಂತ. ಸೂಜಿ ಹಿಡ್ಕೊಂಡು ಕೂತವನೆ, ಹೆಂಗಸಿನ ಥರ."

"ಒಳ್ಳೇದೇ ಆಯ್ತಲ್ಲ. ಮುಗೀಲಿ ಬಿಡು."

"ಮುಗೀಬೇಕಾದ್ದು ಹಂಗಲ್ಲ." ಖಾಪೇರೈ ಅವಳ ಮೊಣಕಾಲು ಹಿಡಿದಳು. "ನೀನು ಬಂದು ಆ ಮಾತು ಹೇಳಬೇಕು. ಹಾಲಿನ ಮಾತು. ನಾನು ಹೇಳಿದ್ರೆ ಅಳು ಬರ್ತದೆ, ಅವನು ಕಣ್ಣೀರು ಒರೆಸಿ ಹೋಗ್ತಾನೆ. ನೀನು ಹೇಳಿದ್ರೆ ಸತ್ತ ಹೆಣ ಎದ್ದು ನಿಲ್ತದೆ."

ಬಖ್ತಮೀನಾ ಮೊಣಕಾಲು ಬಿಡಿಸಿಕೊಂಡಳು. ಎದುರಿಗೆ ಕೂತ ಹೆಂಗಸಿನ ಕಣ್ಣಲ್ಲಿದ್ದದ್ದು ದುಃಖವಲ್ಲ, ಟಿಕೆಟ್ ಕೊಂಡವರ ಆತುರ. "ಹೆತ್ತ ಮಗನ ಕುತ್ತಿಗೆಗೆ ಹಗ್ಗ ಹಾಕೋಕೆ ಬಾಡಿಗೆ ಬಾಯಿ ಹುಡುಕ್ತಿದ್ದೀಯಲ್ಲೇ, ಥೂ!" ಎಂದಳು. ಖಾಪೇರೈ ಕದಲಲಿಲ್ಲ. ಮಧ್ಯಾಹ್ನದ ಬಾಂಗ್ ಆಗುವವರೆಗೂ ಕೂತಳು. ಕೊನೆಗೆ ಬಖ್ತಮೀನಾ ಗುರುವಾರ ಬರುತ್ತೇನೆಂದು ಒಪ್ಪಿದ್ದು ಬೇರೆ ಲೆಕ್ಕಾಚಾರದಲ್ಲಿ. ಹೋಗಿ, ಹುಡುಗನಿಗೆ ಮಾಫಿ ಮಾಡು ಎಂದೇ ಹೇಳಿಬಿಡುವುದು. ಈ ದನಿ ಸತ್ತ ಹೆಣ ಎಬ್ಬಿಸುವುದು ನಿಜವಾದರೆ, ಬದುಕಿರುವವನನ್ನು ಉಳಿಸಲಿ.

ಗುರುವಾರ ಮಧ್ಯಾಹ್ನ ಹೋದಳು. ಮುಂದಿನ ಕೋಣೆಯಲ್ಲಿ ತೂರ್ಯಾಲೈ ಹೊಲಿಗೆ ಯಂತ್ರದ ಮುಂದೆ ಕೂತು ಕಮೀಜಿಗೆ ಕಾಲರು ಕೂರಿಸುತ್ತಿದ್ದ. ತೆಳ್ಳಗಿನ ಹುಡುಗ, ಕಿವಿಯ ಮೇಲೆ ಸೀಮೆಸುಣ್ಣ. ಅವಳು ಸಲಾಂ ಎಂದಳು, ಅಷ್ಟೇ. ಯಂತ್ರ ನಿಂತಿತು.

"ಅಮ್ಮಾ," ಎಂದ ಅವನು ಒಳಗಿನ ಕಡೆ ತಿರುಗಿ, "ಸಿನಿಮಾನೇ ಮನೆಗೆ ಕರ್ಕೊಂಡು ಬಂದ್ಯಾ?"

ಬಖ್ತಮೀನಾ ಕೂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ತೆಗೆಯಬೇಕು, ಅಷ್ಟರಲ್ಲಿ ಖಾಪೇರೈ ಒಳಗಿಂದ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಗಂಟು ಬಿಚ್ಚಿ ಒಂದು ಅಂಗಿಯನ್ನು ಮಗನ ಮುಂದೆ ಎಸೆದಳು. ಎದೆಯ ಮೇಲೆ ತಟ್ಟೆಯಗಲದ ಕಂದು ಕಲೆ, ಒಣಗಿ ಹಪ್ಪಳದಂತೆ ಸೆಟೆದಿತ್ತು. ಹಳಸಿದ ವಾಸನೆ ಕೋಣೆಗೆ ಹರಡಿತು.

"ಹೇಳು ಅಕ್ಕಾ," ಎಂದಳು ಖಾಪೇರೈ.

ಎಂಬತ್ತು ಸಿನಿಮಾಗಳಲ್ಲಿ ಅಂಗಿ ನೆಲಕ್ಕೆ ಬಿದ್ದೊಡನೆ ಬಖ್ತಮೀನಾಳ ಬಾಯಿ ತೆರೆದಿತ್ತು. ಈಗಲೂ ತೆರೆಯಿತು. ಅದು ಅವಳ ಅಪ್ಪಣೆ ಕೇಳಲಿಲ್ಲ. ಕಸಾಯಿ ಅಂಗಡಿಯ ಮುಂದೆ ನಾಯಿಗೆ ಜೊಲ್ಲು ಬರುವ ಹಾಗೆ ಮಾತು ಬಂತು. "ನಿನ್ನಪ್ಪನ ರಕ್ತಕ್ಕೆ ರಕ್ತ ತರದೆ ಈ ಹೊಸ್ತಿಲು ತುಳಿದ್ಯೋ..." ಕೋಣೆ ಸಣ್ಣದು, ರಜಾಯಿಗಳಿಲ್ಲದ ಗೋಡೆ, ದನಿ ನಾಲ್ಕೂ ಕಡೆಯಿಂದ ತಿರುಗಿ ಬಂತು. ಅವಳ ತೋಳಿನ ಕೂದಲು ನಿಮಿರಿತು. ಆಹಾ, ಎಷ್ಟು ಚೆನ್ನಾಗಿ ಬಂತು, ಸ್ಟುಡಿಯೊದಲ್ಲೂ ಹೀಗೆ ಬಂದಿರಲಿಲ್ಲ, ಎಂದು ಒಳಗೊಬ್ಬಳು ಚಪ್ಪಾಳೆ ತಟ್ಟಿದ್ದು ಅವಳಿಗೇ ಕೇಳಿಸಿತು.

ಆ ಚಪ್ಪಾಳೆಗೆ ಬೆಚ್ಚಿ, ಹಾಲಿನ ಮಾತು ಬರುವ ಮೊದಲೇ ಬಾಯಿ ಮುಚ್ಚಿದಳು. ಅಷ್ಟರಲ್ಲಿ ತೂರ್ಯಾಲೈ ಅಂಗಿ ಎತ್ತಿಕೊಂಡಿದ್ದ. ಕಲೆಯ ಕಡೆ ಅವನು ನೋಡಲೇ ಇಲ್ಲ. ಕಾಲರನ್ನು ಮಗುಚಿ ಹೆಬ್ಬೆರಳಿನಿಂದ ಹೊಲಿಗೆ ಸವರಿದ.

"ಅಮ್ಮಾ, ಇದು ನನ್ನ ಹೊಲಿಗೆ."

ಖಾಪೇರೈ ಅಂಗಿ ಕಸಿದುಕೊಳ್ಳಲು ಕೈ ಚಾಚಿದಳು. ಅವನು ಬಿಡಲಿಲ್ಲ.

"ಇಲ್ಲಿ ನೋಡು, ಮೂಲೇಲಿ ಎರಡು ಸಲ ತಿರುಗಿಸಿದ್ದೀನಿ. ಉಸ್ತಾದ್ರ ಹತ್ರ ಮೊದಲನೇ ವರ್ಷ ಕಲೀವಾಗ ಹೀಗೇ ತಪ್ಪು ಮಾಡ್ತಿದ್ದೆ. ಆಗ ನನಗೆ ಹದಿನಾಲ್ಕು. ಅಪ್ಪ ಸತ್ತಾಗ ಐದು. ಯಾರ ರಕ್ತ ಇದು?"

ಖಾಪೇರೈ ಗಂಟಿನ ಖಾಲಿ ಬಟ್ಟೆಯನ್ನು ಮಡಚುತ್ತಾ ಸಣ್ಣ ದನಿಯಲ್ಲಿ ಹೇಳಿದಳು. "ಕೋಳೀದು."

ಅಸಲಿ ಅಂಗಿಯನ್ನು ಅವಳು ಗಂಡ ಸತ್ತ ವಾರವೇ ಒಗೆದು ಬಡವರಿಗೆ ಕೊಟ್ಟುಬಿಟ್ಟಿದ್ದಳು. ಕಣ್ಣೆದುರು ಇಟ್ಟುಕೊಳ್ಳಲು ಆಗಿರಲಿಲ್ಲ. ಆಮೇಲೆ ಒಂದು ಮದುವೆ ಮನೆಯಲ್ಲಿ ಸಿನಿಮಾ ಹಾಕಿದ್ದರು. ತಾಯಿ ಅಂಗಿ ಎಸೆದಳು, ಹೆಂಗಸರೆಲ್ಲ ಎದೆ ಬಡಿದುಕೊಂಡರು. ಅಯ್ಯೋ, ನಾನೆಂಥ ಹೆಂಡತಿ, ಅಂಗಿ ಎತ್ತಿಡಲಿಲ್ಲವಲ್ಲ ಎಂದು ಖಾಪೇರೈ ಮೂರು ದಿನ ಊಟ ಬಿಟ್ಟಳು. ಮಗನ ಹಳೇ ಹೊಲಿಗೆಯದೊಂದು ದೊಡ್ಡ ಅಂಗಿ ಮಾರಾಟವಾಗದೆ ಬಿದ್ದಿತ್ತು. ಈದ್‌ಗೆ ಕೋಳಿ ಕೊಯ್ದಾಗ ಅದನ್ನು ರಕ್ತದಲ್ಲಿ ಅದ್ದಿ, ಗಂಟು ಕಟ್ಟಿಟ್ಟಳು. ವರ್ಷ ಕಳೆದಂತೆ ಅದು ಗಂಡನದೇ ಎಂದು ನಂಬಿಯೂ ಬಿಟ್ಟಿದ್ದಳು.

ಬಖ್ತಮೀನಾ ಅಂಗಳಕ್ಕೆ ಓಡಿದಳು. ಕೈಪಂಪಿನ ಬುಡದಲ್ಲಿ ಬೆಳಗಿನ ಚಹಾ, ರೊಟ್ಟಿ ಎಲ್ಲ ವಾಂತಿಯಾಗಿ ಬಂತು. ಇಷ್ಟು ವರ್ಷ ಈ ಹೆಂಗಸರ ಸಂಕಟವನ್ನೇ ನಾವು ಸಿನಿಮಾಕ್ಕೆ ತಂದಿದ್ದೇವೆ ಎಂದುಕೊಂಡಿದ್ದಳು. ಇಲ್ಲಿ ನೋಡಿದರೆ ಸಿನಿಮಾದ ಎಂಜಲನ್ನು ಈ ಹೆಂಗಸು ತನ್ನ ಸಂಕಟಕ್ಕೆ ಸವರಿಕೊಂಡಿದ್ದಾಳೆ. ಅದನ್ನು ಬಾಯಿಂದ ಬಾಯಿಗೆ ಉಣಿಸಿದವಳು ತಾನು.

ತೂರ್ಯಾಲೈ ಪಂಪು ಒತ್ತಿ ನೀರು ಕೊಟ್ಟ. "ಚೆನ್ನಾಗಿ ಹೇಳಿದ್ರಿ," ಎಂದ. ಗೇಲಿಯಲ್ಲ, ಒಬ್ಬ ಕಸುಬಿನವನು ಇನ್ನೊಬ್ಬರಿಗೆ ಹೇಳುವಂತೆ. "ಒಂದು ಗಳಿಗೆ ನಾನೂ ಎದ್ದುಬಿಟ್ಟಿದ್ದೆ."

"ನನಗೆ ಮಗನಿಲ್ಲಪ್ಪ," ಎಂದಳು ಬಖ್ತಮೀನಾ ಬಾಯಿ ಮುಕ್ಕಳಿಸುತ್ತಾ. "ನನ್ನ ಹಾಲನ್ನ ಯಾರೂ ಕುಡಿದಿಲ್ಲ. ಆ ಮಾತು ಬರೆದೋನು ನಸ್ವಾರ್ ಉಗುಳ್ತಾ ಬರೆದ, ನಾನು ಚಹಾ ಆರ್ತದೆ ಅಂತ ಬೇಗ ಬೇಗ ಹೇಳ್ದೆ. ಅದರಲ್ಲಿ ಇನ್ನೇನಿಲ್ಲ. ನಾಳೆ ಅವರು ಬಂದ್ರೆ ಬಾಗಿಲು ತೆಗಿ."

ಖಾಪೇರೈ ಹೊಸ್ತಿಲಲ್ಲಿ ನಿಂತಿದ್ದಳು. ನಾಚಿಕೆಯೆಲ್ಲ ಸಿಟ್ಟಾಗಿ ತಿರುಗಿತ್ತು. "ಅರ್ಧಕ್ಕೆ ನಿಲ್ಲಿಸಿದ್ಯಲ್ಲೇ! ಪೂರ್ತಿ ಹೇಳಿದ್ರೆ ಅವನು ಹೊಲಿಗೆ ನೋಡ್ತಿದ್ನಾ? ಡೋಲು ಬಡಿಯೋ ಜಾತಿಯೋಳು, ನಿನಗೇನು ಗೊತ್ತು ಮಾನ? ನಿಮ್ಮನ್ನ ಚಪ್ಪಲಿ ಹತ್ರ ಕೂರಿಸೋದು ಸುಮ್ನೆ ಅಲ್ಲ!"

ಬಖ್ತಮೀನಾ, ತಿರುಗಿ ಉತ್ತರ ಕೊಟ್ಟರೆ ಅದೂ ಸಿನಿಮಾದ ಮಾತಿನಂತೆಯೇ ಬಂದುಬಿಟ್ಟರೆ ಎಂದು ಹೆದರಿ, ಬುರ್ಖಾ ಇಳಿಬಿಟ್ಟುಕೊಂಡು ಹೊರಟಳು.

ಶುಕ್ರವಾರ ನಮಾಜಿನ ನಂತರ ಹಿರಿಯರು ಬಂದರಂತೆ. ಕೊಂದವನು ಊರುಗೋಲು ಕೆಳಗಿಟ್ಟು ಹೊಸ್ತಿಲಲ್ಲಿ ಕೂತನಂತೆ. ತೂರ್ಯಾಲೈ ಅವನನ್ನು ತಬ್ಬಿಕೊಳ್ಳಲೂ ಇಲ್ಲ, ಅಳಲೂ ಇಲ್ಲ. "ಎದ್ದೇಳಿ, ನೆಲ ತಣ್ಣಗಿದೆ," ಎಂದನಂತೆ. ಕುರಿ ಕೊಯ್ದರು, ಹಿರಿಯರು ಕೈಯೆತ್ತಿ ದುವಾ ಮಾಡಿದರು. ಖಾಪೇರೈ ಆ ಮಾಂಸ ಮುಟ್ಟದೆ, ಮಗನ ಮುಖ ನೋಡದೆ, ತಮ್ಮನ ಊರಿಗೆ ಹೊರಟುಹೋದಳು. ಇದೆಲ್ಲ ಬಖ್ತಮೀನಾಗೆ ತಂದೂರಿನ ಮುಂದೆ ಸರದಿಯಲ್ಲಿ ನಿಂತಾಗ ಗೊತ್ತಾದದ್ದು. ಹೇಳುತ್ತಿದ್ದ ಹೆಂಗಸಿಗೆ ಮಾತ್ರ ಸಪ್ಪೆಯೆನಿಸಿತ್ತು. "ಇಷ್ಟು ವರ್ಷ ಕಾದು ಇಷ್ಟೇನಾ? ಒಂದು ಗುಂಡೂ ಇಲ್ವಲ್ಲ," ಎಂದು ರೊಟ್ಟಿ ಮಡಚಿಕೊಂಡು ಹೋದಳು.

ಮುಂದಿನ ವಾರ ಹಾಜಿ ಕರೆಸಿದ. ಹೊಸ ಸಿನಿಮಾ, ಈದ್‌ಗೆ ಬಿಡುಗಡೆ. ಬಖ್ತಮೀನಾ ಮೈಕಿನ ಮುಂದೆ ನಿಂತು ಕಾಗದ ನೋಡಿದಳು. ಅದೇ ಅಂಗಿ, ಅದೇ ಹೊಸ್ತಿಲು, ಅದೇ ಹಾಲು.

"ಇದನ್ನ ಹೇಳಲ್ಲ ಹಾಜಿ."

"ಯಾಕೆ, ಗಂಟಲು ಕೆಟ್ಟಿದ್ಯಾ?"

"ಗಂಟಲು ಚೆನ್ನಾಗಿದೆ. ಮಾತು ಕೆಟ್ಟಿದೆ. ನಾರ್ತಿದೆ."

"ಮೂವತ್ತು ವರ್ಷ ನಾರ್ಲಿಲ್ಲ?"

"ಮೂಗು ಮುಚ್ಕೊಂಡಿದ್ದೆ. ನಿಮ್ಮ ಮಳೆ ಹಾಡೇ ಹೊಲಸು ಅಂದ್ಕೊಂಡಿದ್ದೆ. ಅದನ್ನ ನೋಡಿದ ಗಂಡಸು ಹೆಚ್ಚೆಂದ್ರೆ ಸೀಟಿ ಹೊಡೀತಾನೆ. ಇದನ್ನ ಕೇಳಿದ ಹೆಂಗಸು ಮಗನ್ನ ಕೊಲ್ಲಿಸ್ತಾಳೆ."

ಹಾಜಿ ನಕ್ಕ. "ಬೀಬಿ, ಜನಕ್ಕೆ ಬೇಕಾದ್ದು ಕೊಡ್ತೀವಿ. ನಾವೇನು ಮಸೀದಿ ನಡೆಸ್ತಿದ್ದೀವಾ?" ಬಖ್ತಮೀನಾ ಕಾಗದವನ್ನು ನಾಲ್ಕಾಗಿ ಹರಿದು, ಅವನ ನಸ್ವಾರಿನ ಉಗುಳುಪಾತ್ರೆಗೆ ಹಾಕಿ ಮೆಟ್ಟಿಲಿಳಿದಳು. ಯಾರೂ ತಡೆಯಲಿಲ್ಲ. ಮನೆಗೆ ಬಂದು ಅವತ್ತೇ ಎರಡು ಮನೆಗಳ ಹುಡುಗಿಯರಿಗೆ ಕುರಾನು ಓದಿಸುವ ಕೆಲಸ ಹಿಡಿದಳು. ಪಾಠ ಹೇಳುವಾಗಲೂ ದನಿ ಎತ್ತುತ್ತಿರಲಿಲ್ಲ. ಮುದುಕಿಗೆ ಗಂಟಲ ರೋಗವಿರಬೇಕೆಂದು ಹುಡುಗಿಯರು ಮಾತಾಡಿಕೊಂಡರು.

ಈದ್ ಕಳೆದು ಮೂರನೇ ದಿನ ಚಾರ್ಸದ್ದೆಗೆ ಹೊರಟಳು, ದೂರದ ತಂಗಿಯೊಬ್ಬಳ ಗಂಡ ತೀರಿಕೊಂಡಿದ್ದ. ಬಸ್ಸಿನಲ್ಲಿ ಡ್ರೈವರನ ತಲೆಯ ಮೇಲೆ ಟಿವಿ, ಅದರಲ್ಲಿ ಹಾಜಿಯ ಹೊಸ ಸಿನಿಮಾ. ಮಳೆ ಬಂತು, ನಾಯಕಿ ನೆನೆದಳು, ಗಂಡಸರು ಕುತ್ತಿಗೆ ಉದ್ದ ಮಾಡಿದರು. ಹೆಂಗಸರ ಸೀಟಿನಲ್ಲಿ ಬಖ್ತಮೀನಾ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದಳು. ಆಗ ಅಂಗಿ ನೆಲಕ್ಕೆ ಬಿದ್ದ ಸದ್ದಾಯಿತು. "ನಿನ್ನಪ್ಪನ ರಕ್ತಕ್ಕೆ..."

ಅವಳದೇ ದನಿ. ಒಂದು ತುಂಡು ಹಳೇ ಸಿನಿಮಾದಿಂದ, ಇನ್ನೊಂದು ಮತ್ತೊಂದರಿಂದ. ಮಲಂಗ್ ಕಂಪ್ಯೂಟರಿನಲ್ಲಿ ಅಂಟು ಹಾಕಿದ್ದ. ಒಂದು ಕಡೆ ಅವಳ ಮೂವತ್ತರ ಉಸಿರು, ಮರುಗಳಿಗೆಗೆ ಐವತ್ತರ ಕೆಮ್ಮು. ಬೇಡವೆಂದರೂ ಅವರು ಅವಳ ಗಂಟಲನ್ನು ಕೊಯ್ದು ಬೇಕಾದಂತೆ ಜೋಡಿಸಿಕೊಂಡಿದ್ದರು. ಹಿಂದಿನ ಸೀಟಿನಲ್ಲಿದ್ದ ತಾಯಿಯೊಬ್ಬಳು ತೊಡೆಯ ಮೇಲಿನ ಮಗುವನ್ನು ಬಿಗಿಯಾಗಿ ಅಪ್ಪಿಕೊಂಡು, "ಹಾಗೆ ಹೇಳಬೇಕು," ಎಂದು ಪಿಸುಗುಟ್ಟಿದಳು.

"ನಿಲ್ಸು ಗಾಡಿ!" ಎಂದಳು ಬಖ್ತಮೀನಾ.

ಇಡೀ ಬಸ್ಸು ಅವಳ ಕಡೆ ತಿರುಗಿತು. ಟಿವಿಯಲ್ಲಿದ್ದ ದನಿಯೇ ಬುರ್ಖಾದೊಳಗಿಂದಲೂ ಬಂದಿತ್ತು. ಕಂಡಕ್ಟರ್ ಬಾಯಿ ತೆರೆದು ನಿಂತ. ಮುಂದಿನ ಸೀಟಿನ ಗಂಡಸೊಬ್ಬ ತೊಡೆ ತಟ್ಟಿಕೊಂಡ. "ಅರೆ! ಸಿನಿಮಾದ ಅಮ್ಮ ನಮ್ಮ ಬಸ್ಸಲ್ಲೇ ಅವಳೆ! ಅಮ್ಮಾ, ಒಂದ್ಸಲ ಹೇಳಮ್ಮ ಆ ಹಾಲಿನ ಮಾತು, ನಿನ್ನ ಬಾಯಿಂದಲೇ ಕೇಳ್ಬೇಕು!"

"ನಿನ್ನಮ್ಮನ್ನ ಕೇಳು ಹೋಗು," ಎಂದಳು. "ನಿನಗೆ ಹಾಲು ಕುಡಿಸಿದೋಳು ಅವಳು. ನಾನಲ್ಲ."

ಗಂಡಸರು ನಕ್ಕರು. ಬಸ್ಸು ನಿಂತಿತು. ಇಳಿದಳು. ಬಸ್ಸು ಅವಳ ಮೇಲೆ ಧೂಳೆರಚಿ ಹೊರಟುಹೋಯಿತು, ಅದರ ಕಿಟಕಿಗಳಿಂದ ಅವಳ ಅಳು ಇನ್ನೂ ಕೇಳಿಸುತ್ತಿತ್ತು. ಚಾರ್ಸದ್ದೆ ಇನ್ನೂ ನಾಲ್ಕು ಮೈಲಿ. ಎರಡು ಕಡೆ ಕಬ್ಬು, ದೂರದಲ್ಲಿ ಬೆಲ್ಲದ ಆಲೆಮನೆಯ ಹೊಗೆ. ಬಾಯಿಯ ಕಹಿ ಹೋಗಲೆಂದು ಎರಡು ಸಲ ಉಗುಳಿದಳು. ಹೋಗಲಿಲ್ಲ. ನಡೆಯತೊಡಗಿದಳು.

ಅರ್ಧ ಮೈಲಿ ನಡೆದಿರಬೇಕು, ಹಿಂದಿನಿಂದ ಒಂದು ಟಾಂಗಾ ಬಂತು. ಮುದುಕ ಗಾಡಿಯವನು ಲಗಾಮು ಎಳೆದು, "ಹತ್ತಿ ತಾಯೀ, ಬಿಸಿಲು," ಎಂದ.

ಅವಳು ಹತ್ತಲಿಲ್ಲ. "ನಿನ್ನ ಗಾಡೀಲಿ ಹಾಡು, ಸಿನಿಮಾ, ಏನಾದ್ರೂ ಇದ್ಯಾ?"

"ಎಲ್ಲಿಂದ ಬರ್ಬೇಕು? ಕುದುರೆ ಕೆಮ್ಮುತ್ತೆ. ಅಷ್ಟೇ."

ಬಖ್ತಮೀನಾ ಹತ್ತಿ, ಅವನಿಗೆ ಬೆನ್ನು ಮಾಡಿ ಹಿಂದಿನ ಹಲಗೆಯ ಮೇಲೆ ಕೂತಳು. ಊರು ಬರುವವರೆಗೂ ಬಾಯಿ ಬಿಡಲಿಲ್ಲ.